ಅಟ್ಟ ಮೇಲಿನ ಉರಿ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಅಡುಗೆ ಮುಗಿಯುವವರೆಗೂ ಹೊಗೆಯಾಡುತ್ತ ಕಣ್ಣಲ್ಲಿ ನೀರು ತರಿಸಿದ ಒಲೆಯು ಪಾತ್ರೆಯನ್ನು ಕೆಳಗಿಳಿಸಿದ ಮೇಲೆ ಧಗಧಗನೆ ಉರಿಯತೊಡಗುವಂತೆ, ಕಾರ್ಯವೆಲ್ಲ ಕೆಟ್ಟುಹೋದ ಬಳಿಕ ಮನುಷ್ಯನಿಗೆ ವಿವೇಕವುದಿಸುತ್ತದೆ. ಆದರೆ ಆ ಉರಿಯಿಂದಾಗಲಿ ಆ ವಿವೇಕದಿಂದಾಗಲಿ ಪ್ರಯೋಜನವೇನು ಎಂಬುದೇ ಆ ಮಾತಿನ ಅಭಿಪ್ರಾಯವೆಂದು ನಾವು ಸಾಮಾನ್ಯವಾಗಿ ತಿಳಿದುಕೊಳ್ಳುತ್ತೇವೆ. ಎಪ್ಪತ್ತನ್ನು ದಾಟಿದ ಈ ವಯಸ್ಸಿನಲ್ಲಿ, ಕಳೆದುದನ್ನು ಮತ್ತೆ ಮತ್ತೆ ಮಗುಚಿ ನೋಡುವುದೇ ಹಗಲಿನ ಅರ್ಧ ಕೆಲಸವಾಗಿರುವಾಗ, ಈ ಗಾದೆಯು ನನಗೆ ಬರಿಯ ಮೂದಲಿಕೆಯಾಗಿ ಕೇಳಿಸದೆ ಉತ್ತರವನ್ನು ಬೇಡುವ ಪ್ರಶ್ನೆಯಾಗಿ ಕೇಳಿಸತೊಡಗಿದೆ. ತಡವಾಗಿ ಬಂದ ಬುದ್ಧಿ ನಿಜವಾಗಿಯೂ ನಿಷ್ಪ್ರಯೋಜಕವೇ? ಅಲ್ಲವಾದರೆ, ಅದರಿಂದ ಮಾಡತಕ್ಕ ಕೆಲಸ ಯಾವುದು?

ನಾನು ವಾಸವಾಗಿರುವುದು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ. ಸಾಯಂಕಾಲ ಬಿಸಿಲು ತಗ್ಗಿದ ಮೇಲೆ ಉದ್ಯಾನದ ಬೆಂಚಿನ ಮೇಲೆ ನಮ್ಮಂಥ ನಿವೃತ್ತರು ಐದಾರು ಮಂದಿ ಕೂಡುವುದುಂಟು. ದೂರದೂರಿನ ಮಕ್ಕಳ ಫೋನು, ಮಂಡಿಯ ನೋವು, ಭದ್ರಾ ನಾಲೆಗೆ ನೀರು ಬಿಡುವ ದಿನ, ಅಡಿಕೆಯ ಧಾರಣೆ, ಇವೆಲ್ಲ ಒಂದು ಸುತ್ತು ಮುಗಿದು ಬೀದಿಯ ದೀಪ ಹೊತ್ತುವ ವೇಳೆಗೆ ಮಾತು ತಪ್ಪದೆ ಹಿಂದಕ್ಕೆ ಹೊರಳುತ್ತದೆ. “ಅವತ್ತು ಆ ಸೈಟು ತಗೊಂಡಿದ್ರೆ ಇವತ್ತು ಹೆಂಗಿರ್ತಿದ್ದೆ” ಎಂದು ಒಬ್ಬರು ಹೇಳುತ್ತಾರೆ. “ಮಗನ್ನ ಆ ಕೆಲಸಕ್ಕೆ ಹಾಕಬಾರದಿತ್ತು” ಎಂದು ಇನ್ನೊಬ್ಬರು. ಕೆಲಹೊತ್ತಿನ ಮೌನದ ತರುವಾಯ ಮೂರನೆಯವರು, ದನಿಯನ್ನು ತಗ್ಗಿಸಿ, “ಅವ್ವ ಹೇಳಿಕಳಿಸಿದಾಗ ಆವತ್ತೇ ಹೋಗಬೇಕಿತ್ತು” ಎನ್ನುತ್ತಾರೆ. ಮೂವರ ಬಾಯಿಂದಲೂ ಹೊರಡುವ ನಿಟ್ಟುಸಿರು ಒಂದೇ ಬಗೆಯದು. ಎಲ್ಲರೂ ತಲೆದೂಗಿ, ಆಗಿದ್ದು ಆಗಿಹೋಯಿತು ಬಿಡಿ ಎಂದು ಪರಸ್ಪರ ಸಮಾಧಾನ ಹೇಳಿಕೊಂಡು ಮನೆಗೆ ಹೊರಡುತ್ತೇವೆ. ಆದರೆ ಈ ಮೂರು ಮಾತುಗಳೂ ಮೂರು ಬೇರೆ ಬೇರೆ ಜಾತಿಯವು. ಒಂದಕ್ಕೆ ಸಲ್ಲುವ ಸಮಾಧಾನವನ್ನು ಇನ್ನೊಂದಕ್ಕೆ ಹೇಳಿಕೊಂಡಾಗ, ಬಿಡಬೇಕಾದುದನ್ನು ನಾವು ಹಿಡಿದುಕೊಳ್ಳುತ್ತೇವೆ, ಹಿಡಿಯಬೇಕಾದುದನ್ನು ಬಿಟ್ಟುಬಿಡುತ್ತೇವೆ. ಈ ಭೇದವನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಭಾಷೆ ಈ ಭೇದವನ್ನು ಮೊದಲೇ ಅರಿತಿದೆಯೆಂದು ತೋರುತ್ತದೆ. ಹಳಹಳಿ ಎಂದರೆ ಕೈತಪ್ಪಿದುದಕ್ಕಾಗಿ ಮನಸ್ಸು ಬಡಿದುಕೊಳ್ಳುವುದು. ಕೊರಗು ಎಂದರೆ ಒಳಗೊಳಗೇ ಸವೆಯುವುದು. ಇವೆರಡಕ್ಕೂ ವಿಷಯ ನನ್ನ ನಷ್ಟವೇ. ಪಶ್ಚಾತ್ತಾಪವೆಂಬ ಪದವು ಹಾಗಲ್ಲ. ಮಾಡಬಾರದುದನ್ನು ಮಾಡಿದವನಿಗೆ, ಮಾಡಬೇಕಾದುದನ್ನು ಮಾಡದೆ ಬಿಟ್ಟವನಿಗೆ ಮಾತ್ರ ಅದು ಸಲ್ಲುತ್ತದೆ. ಸೈಟು ಕೊಳ್ಳದವನು ಪಶ್ಚಾತ್ತಾಪಪಟ್ಟನೆಂದು ಹೇಳಿದರೆ ಕಿವಿಗೆ ಹೊಂದುವುದಿಲ್ಲ. ಪದವನ್ನು ಬಿಡಿಸಿದರೆ ಪಶ್ಚಾತ್ ಮತ್ತು ತಾಪ, ಅಂದರೆ ತರುವಾಯ ಬರುವ ಕಾವು. ಸಂಸ್ಕೃತದ ಆ ಪದವನ್ನು ಕಟ್ಟಿದವರೂ ಕನ್ನಡದ ಗಾದೆಯನ್ನು ಕಟ್ಟಿದ ತಾಯಂದಿರೂ ಒಂದೇ ಒಲೆಯ ಮುಂದೆ ಕುಳಿತವರಂತೆ ನನಗೆ ಕಾಣುತ್ತಾರೆ.

ಮೊದಲನೆಯ ಜಾತಿಯದನ್ನು ಮೊದಲು ನೋಡೋಣ. ಸೈಟಿನ ಹಳಹಳಿಯು ನಮ್ಮೂರಿನಲ್ಲಿ ಮನೆಮನೆಯ ಮಾತು. 1997ರಲ್ಲಿ ದಾವಣಗೆರೆಯು ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲಾಕೇಂದ್ರವಾಯಿತು. ಹೊಲಗಳಿದ್ದಲ್ಲಿ ಬಡಾವಣೆಗಳು ಎದ್ದವು. ಎತ್ತಿನ ಗಾಡಿ ಸಾಗುತ್ತಿದ್ದ ದಾರಿಗಳು ಡಾಂಬರು ಕಂಡವು. ಇಂದಿನ ಬೆಲೆಯನ್ನು ಕಣ್ಣಮುಂದಿಟ್ಟುಕೊಂಡು ಅಂದಿನ ತನ್ನನ್ನು ಹಳಿದುಕೊಳ್ಳುವವನು ಮರೆಯುವ ಸಂಗತಿಯೊಂದಿದೆ: ಅಂದು ಅವನ ಮುಂದಿದ್ದುದು ಇಂದಿನ ಬೆಲೆಯಲ್ಲ, ಮುಳ್ಳುಕಂಟಿ ಬೆಳೆದ ಒಂದು ತುಂಡು ನೆಲ, ತಂಗಿಯ ಮದುವೆಯ ಸಾಲ, ಮತ್ತು ತಿಂಗಳ ಕೊನೆಗೆ ಮುಟ್ಟದ ಸಂಬಳ. ಫಲವು ತಿಳಿದ ಮೇಲೆ ಅದು ಮೊದಲಿನಿಂದಲೂ ತಿಳಿದಿತ್ತೆಂಬ ಭ್ರಾಂತಿ ಮನಸ್ಸಿಗೆ ಸಹಜವಾದುದು. 1975ರಲ್ಲಿ ಬಾರೂಕ್ ಫಿಶ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿತು. 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಕಾಳಗದ ವೃತ್ತಾಂತವನ್ನು ಅವರು ಹಲವು ಗುಂಪುಗಳಿಗೆ ಓದಲು ಕೊಟ್ಟು, ಒಂದು ಗುಂಪಿಗೆ ಬ್ರಿಟಿಷರು ಗೆದ್ದರೆಂದೂ ಇನ್ನೊಂದಕ್ಕೆ ಗೂರ್ಖರು ಗೆದ್ದರೆಂದೂ ಮತ್ತೊಂದಕ್ಕೆ ಸೋಲುಗೆಲುವು ನಿರ್ಣಯವಾಗಲಿಲ್ಲವೆಂದೂ ಹೇಳಿ, ಈ ಫಲಿತಾಂಶ ತಿಳಿಯದೆ ಇದ್ದಿದ್ದರೆ ನೀವು ಏನೆಂದು ಊಹಿಸುತ್ತಿದ್ದಿರಿ ಎಂದು ಕೇಳಿದರು. ಪ್ರತಿಯೊಂದು ಗುಂಪೂ ತನಗೆ ಹೇಳಲಾಗಿದ್ದ ಫಲದ ಕಡೆಗೇ ವಾಲಿತು. ಉದ್ಯಾನದ ಬೆಂಚಿನ ಮೇಲೆ ನಾವು ಮಾಡುವುದೂ ಅದನ್ನೇ. ಇಂದಿನ ದೀಪವನ್ನು ಅಂದಿನ ಕತ್ತಲೆಯೊಳಕ್ಕೆ ಹೊತ್ತುಕೊಂಡು ಹೋಗಿ, ಇಷ್ಟು ಬೆಳಕಿದ್ದರೂ ಎಡವಿದೆಯಲ್ಲಾ ಎಂದು ಅಂದಿನ ಆ ಬಡಪಾಯಿಯನ್ನು ಗದರಿಸುತ್ತೇವೆ.

ಇಲ್ಲಿಯೇ ಗಾದೆಯ ಒಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಳೆಗಾಲದಲ್ಲಿ ನಮ್ಮ ಅಜ್ಜಿ ಹಸಿ ಸೌದೆಯನ್ನು ಒಲೆಗೆ ತುರುಕಿ, ಊದುಕೊಳವೆಯಿಂದ ಊದಿ ಊದಿ, ಕೆಮ್ಮುತ್ತ ಮುದ್ದೆಗೆ ಎಸರಿಡುತ್ತಿದ್ದುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಕಟ್ಟಿಗೆಯ ತುದಿಯಿಂದ ನೊರೆನೊರೆಯಾಗಿ ನೀರು ಜಿನುಗುತ್ತಿತ್ತು. ಮನೆಯ ತುಂಬ ಹೊಗೆ ಕವಿಯುತ್ತಿತ್ತು. ಮುದ್ದೆಯಾಗಿ, ಸಾರು ಕುದಿದು, ಗಡಿಗೆಯನ್ನು ಇಳಿಸುವ ಹೊತ್ತಿಗೆ ಅದೇ ಕಟ್ಟಿಗೆ ಒಮ್ಮೆಲೇ ಕೆಂಪಗೆ ಉರಿಯತೊಡಗುತ್ತಿತ್ತು. ಬಾಲಕನಾದ ನನಗೆ ಅದು ಒಲೆಯ ಹಟವೆಂದು ತೋರುತ್ತಿತ್ತು. ಈಗ ಯೋಚಿಸಿದರೆ ಕಾರಣ ಸರಳವಾಗಿದೆ: ಆ ಹಸಿಕಟ್ಟಿಗೆಯನ್ನು ಒಣಗಿಸಿದ್ದೇ ಅಡುಗೆಯ ಕಾವು. ಅಡುವ ಮೊದಲು ಅದು ಉರಿಯುವುದು ಶಕ್ಯವೇ ಇರಲಿಲ್ಲ. ನಾವು ಯಾವ ವಿವೇಕವು ಮೊದಲೇ ಬರಬೇಕಿತ್ತೆಂದು ಹಲುಬುತ್ತೇವೆಯೋ ಆ ವಿವೇಕವನ್ನು ಹುಟ್ಟಿಸಿದ್ದು ನಾವು ಮಾಡಿದ ಆ ಕಾರ್ಯವೇ. ತಪ್ಪದೆ ನಡೆದವನಿಗೆ ತಪ್ಪಿ ಕಲಿತವನ ಬುದ್ಧಿಯೂ ಬೇಕಿತ್ತೆಂದು ಬಯಸುವುದು, ಒಣಗುವ ಮೊದಲೇ ಕಟ್ಟಿಗೆ ಒಣಗಿರಬೇಕಿತ್ತೆಂದು ಬಯಸಿದಂತೆ. ಆದುದರಿಂದ ಕೈತಪ್ಪಿದ ಲಾಭದ ಹಳಹಳಿಯನ್ನು ನಿಸ್ಸಂಕೋಚವಾಗಿ ಬಿಟ್ಟುಬಿಡತಕ್ಕದ್ದು.

ಎರಡನೆಯದು ಇದಕ್ಕಿಂತ ಕಠಿನವಾದುದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ, ಹತ್ತಿಯ ಗಿರಣಿಗಳ ಸೈರನ್ನಿಗೆ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಹದಿನೈದು ಕಿಲೋಮೀಟರಿನಷ್ಟೂ ದೂರವಿಲ್ಲದ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಗೂ ಹೋಗುತ್ತಿದ್ದವು. ಮಗನಿಗೆ ಮಿಲ್ಲಿನಲ್ಲೋ ಕಾರ್ಖಾನೆಯಲ್ಲೋ ಕಾಯಂ ಕೆಲಸವಾಯಿತೆಂದರೆ, ಹೆಣ್ಣು ಕೊಡುವವರು ತಾವಾಗಿಯೇ ಬಾಗಿಲಿಗೆ ಬರುತ್ತಿದ್ದರು. ಓದನ್ನು ಬಿಡಿಸಿ ಮಗನನ್ನು ಪಾಳಿಯ ದುಡಿಮೆಗೆ ಸೇರಿಸಿದ ತಂದೆಯು ತನ್ನ ಕರ್ತವ್ಯವನ್ನು ನೆರವೇರಿಸಿದೆನೆಂದೇ ನೆಮ್ಮದಿಪಟ್ಟನು. ಹಳೆಯ ಯಂತ್ರಗಳು, ಮಿಶ್ರನೂಲಿನ ಬಟ್ಟೆ, ವಿದ್ಯುನ್ಮಗ್ಗಗಳ ಪೈಪೋಟಿ ಮುಂತಾದ ಕಾರಣಗಳಿಂದ ಶತಮಾನದ ಕೊನೆಯ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಹೊಸ ಶತಮಾನದ ಆರಂಭದಲ್ಲಿ ಹರಿಹರದ ಆ ಕಾರ್ಖಾನೆಯೂ ನಿಂತುಹೋಯಿತು. ನಲವತ್ತೈದರ ವಯಸ್ಸಿನ ಮಗ ಕೆಲಸವಿಲ್ಲದೆ ಮನೆಯ ಕಟ್ಟೆಯ ಮೇಲೆ ಕುಳಿತಾಗ, ಅಂದಿನ ತನ್ನ ನಿರ್ಧಾರವೇ ಅವನ ಬಾಳನ್ನು ಕೆಡಿಸಿತೆಂದು ಕೊರಗಿದ ತಂದೆಯರನ್ನು ನಾನು ಕಂಡಿದ್ದೇನೆ.

ಇಲ್ಲಿ ನಷ್ಟ ಇನ್ನೊಬ್ಬನದು. ಆದುದರಿಂದ ಕೊರಗಿಗೆ ಆಳವೂ ಹೆಚ್ಚು. ಆದರೂ ಇದು ಅಪರಾಧವಲ್ಲ. ನಿರ್ಧಾರವನ್ನು ತೂಗಬೇಕಾದ ತಕ್ಕಡಿಯೇ ಬೇರೆ, ಫಲವನ್ನು ತೂಗುವ ತಕ್ಕಡಿಯೇ ಬೇರೆ. ತಿಳಿಯಬಹುದಾದಷ್ಟನ್ನು ವಿಚಾರಿಸಿ ತಿಳಿದು, ಮಗನ ಹಿತವನ್ನೇ ಮುಂದಿಟ್ಟುಕೊಂಡು ಮಾಡಿದ ನಿರ್ಧಾರವು, ಕೆಟ್ಟ ಫಲವನ್ನು ಕೊಟ್ಟ ಮಾತ್ರದಿಂದ ಕೆಟ್ಟ ನಿರ್ಧಾರವಾಗುವುದಿಲ್ಲ. ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಅವರ ಬದುಕೇ ಇದಕ್ಕೆ ನಿದರ್ಶನ. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಆ ದಿನ ಅವರ ರಾಜಕೀಯ ಜೀವನದ ಲೆಕ್ಕವನ್ನು ಮುಗಿಸಿದ್ದವನು, ಹೊಸದುರ್ಗವನ್ನು ಆರಿಸಿಕೊಂಡದ್ದೇ ಅವರ ಮಹಾಪ್ರಮಾದವೆಂದು ಬರೆದಿಡುತ್ತಿದ್ದನು. ಕೆಲವೇ ತಿಂಗಳುಗಳಲ್ಲಿ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯ ಸ್ಥಾನವನ್ನು ಅವರಿಗಾಗಿ ತೆರವು ಮಾಡಿದರು. ಬಾಗಲಕೋಟೆಯಿಂದ ವಿಧಾನಸಭೆಗೆ ಬಂದ ನಿಜಲಿಂಗಪ್ಪನವರು 1968ರವರೆಗೆ ರಾಜ್ಯವನ್ನು ಆಳಿದರು. ಆ ವರ್ಷ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷತೆಗಾಗಿ ಅವರು ಮುಖ್ಯಮಂತ್ರಿಯ ಪದವಿಯನ್ನು ಬಿಟ್ಟುಕೊಟ್ಟಾಗ, ಅದನ್ನು ಉನ್ನತಿಯೆಂದು ಭಾವಿಸದವರಾರು? ಮರುವರ್ಷವೇ ಪಕ್ಷವು ಇಬ್ಭಾಗವಾಯಿತು; 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಅವರ ಎದುರು ಪಕ್ಷದ ಪಾಲಾದವು. ಸೋಲು ಏಣಿಯಾಯಿತು, ಏರಿದ ಮೆಟ್ಟಿಲು ಜಾರುಬಂಡೆಯಾಯಿತು. ಎರಡು ಸಲವೂ ನಿರ್ಧರಿಸಿದ ವ್ಯಕ್ತಿ ಒಬ್ಬರೇ, ಅವರ ವಿವೇಕವೂ ಅದೇ. ಯಾವ ದಿನ ನಿಂತು ನೋಡುತ್ತೇವೆಯೋ ಆ ದಿನಕ್ಕೆ ತಕ್ಕಂತೆ ನಿರ್ಧಾರದ ಬಣ್ಣ ಬದಲಾಗುವುದಾದರೆ, ಆ ಬಣ್ಣವು ನಿರ್ಧಾರದ್ದಲ್ಲ, ದಿನದ್ದು.

ಇಷ್ಟನ್ನು ಒಪ್ಪಿದವರು ಒಂದು ಆಕ್ಷೇಪವನ್ನು ಎತ್ತದೆ ಇರಲಾರರು. ಅಂದಿನ ತಿಳಿವಳಿಕೆ ಅಷ್ಟೇ ಇತ್ತು ಎಂಬ ಒಂದೇ ಮಾತಿನಿಂದ ಮನುಷ್ಯನು ತನ್ನ ಸಮಸ್ತ ದೋಷಗಳಿಂದಲೂ ಪಾರಾಗಬಹುದಲ್ಲವೇ? ಹೌದು, ಆ ಅಪಾಯವಿದೆ. ಮತ್ತು ಅದು ಹಳಹಳಿಗಿಂತಲೂ ದೊಡ್ಡ ಅಪಾಯ. ಆದುದರಿಂದ ಪ್ರತಿಯೊಂದು ಹಳೆಯ ನಿರ್ಧಾರವನ್ನೂ ಒಂದು ಪ್ರಶ್ನೆಯ ಮುಂದೆ ನಿಲ್ಲಿಸಬೇಕಾಗುತ್ತದೆ: ನನಗೆ ಆಗ ತಿಳಿದಿರಲಿಲ್ಲವೋ, ಇಲ್ಲವೆ ತಿಳಿದಿದ್ದೂ ತಿಳಿಯದವನಂತೆ ಮುಖ ತಿರುಗಿಸಿದೆನೋ? ಹರಿಹರದ ಗುಡಿಯಲ್ಲಿ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಆ ಗುಡಿಯಲ್ಲಿ, ಒಂದೇ ವಿಗ್ರಹದ ಒಂದು ಪಾರ್ಶ್ವ ಹರನಾಗಿಯೂ ಇನ್ನೊಂದು ಪಾರ್ಶ್ವ ಹರಿಯಾಗಿಯೂ ನಿಂತಿದೆ. ಅಂದು ನಿರ್ಧರಿಸಿದ ನಾನು ಮತ್ತು ಇಂದು ವಿಚಾರಣೆಗೆ ಕುಳಿತ ನಾನು ಕೂಡ ಹಾಗೆಯೇ ಇದ್ದೇವೆಂದು ನನಗನಿಸುತ್ತದೆ. ತಿಳಿವಳಿಕೆಯಲ್ಲಿ ಇಬ್ಬರು, ಹೊಣೆಯಲ್ಲಿ ಒಬ್ಬನೇ. ಹಳಹಳಿಸುವವನು ತಿಳಿವಳಿಕೆಯಲ್ಲಿಯೂ ಒಬ್ಬನೆಂದು ಭ್ರಮಿಸುತ್ತಾನೆ. ನುಣುಚಿಕೊಳ್ಳುವವನು ಹೊಣೆಯಲ್ಲಿಯೂ ಇಬ್ಬರೆಂದು ವಾದಿಸುತ್ತಾನೆ. ಎರಡೂ ಮೂರ್ತಿಯನ್ನು ಭಂಗಿಸಿದಂತೆ.

ಈ ಪ್ರಶ್ನೆಯ ಮುಂದೆ ನಿಲ್ಲಲಾರದ ನನ್ನ ಒಂದು ನಿರ್ಧಾರವನ್ನು ಹೇಳದೆ ಹೋದರೆ ಇದುವರೆಗಿನ ಮಾತೆಲ್ಲ ಬರಿಯ ಉಪದೇಶವಾದೀತು. ಊರಂಚಿನಲ್ಲಿ ನಮ್ಮ ತಂದೆಗೆ ಪಿತ್ರಾರ್ಜಿತವಾಗಿ ಬಂದ ನಾಲ್ಕು ಎಕರೆ ಗದ್ದೆಯಿತ್ತು. ಅವರು ತೀರಿಕೊಂಡದ್ದು 2007ರಲ್ಲಿ. ಮರುವರ್ಷ ಆ ಭೂಮಿಗೆ ಒಳ್ಳೆಯ ಬೆಲೆ ಬಂದಿತು. ಮಾರಬೇಕಾದರೆ ತಂಗಿಯ ಸಹಿ ಬೇಕಾಗಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸರಿಸಮಾನವಾದ ಹಕ್ಕನ್ನು ಕೊಡುವ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದಿತ್ತು. ನಮ್ಮ ರಾಜ್ಯದಲ್ಲಿ 1994ರಿಂದ ಇದ್ದ ಕಾನೂನು ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತಾದರೆ, ಈ ಹೊಸ ಕಾನೂನು 1988ರಲ್ಲಿಯೇ ಮದುವೆಯಾಗಿದ್ದ ನನ್ನ ತಂಗಿಯನ್ನೂ ಒಳಗೊಂಡಿತ್ತು. ವಕೀಲರು ಇದನ್ನು ನನಗೂ ನನ್ನ ತಮ್ಮನಿಗೂ ಬಿಡಿಸಿ ಹೇಳಿದರು. ನಾವಿಬ್ಬರೂ ಅದನ್ನು ಕೇಳಿಕೊಂಡು, ಹಕ್ಕು ಬಿಡುಗಡೆ ಪತ್ರವನ್ನು ಬರೆಸಿದೆವು. ಮದುವೆಯಲ್ಲಿ ಅವಳಿಗೆ ಬಂಗಾರ ಹಾಕಿದ್ದೇವೆ, ಬಾಣಂತನ ಮಾಡಿದ್ದೇವೆ, ಊರಿನಲ್ಲಿ ಯಾರ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಎಲ್ಲರೂ ಆಡುವ ಮಾತಾದ್ದರಿಂದ ಅದು ನಮ್ಮ ಬಾಯಿಗೂ ಸುಲಭವಾಗಿ ಬಂದಿತು.

ತಂಗಿ ಬೆಳಗಿನ ಬಸ್ಸಿಗೆ ಬಂದಳು. ನೋಂದಣಿ ಕಚೇರಿಯಲ್ಲಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಹೆಬ್ಬೆರಳಿನ ಗುರುತು ತೆಗೆದುಕೊಂಡು, ಭಾವಚಿತ್ರ ತೆಗೆದರು. ಫೋಟೋ ಎಂದ ಕೂಡಲೇ ಅವಳು ಸೆರಗನ್ನು ಸರಿಮಾಡಿಕೊಂಡು, ಮುಂಗೂದಲನ್ನು ಹಿಂದಕ್ಕೆ ಒತ್ತಿ, ನಮ್ಮಿಬ್ಬರತ್ತ ಒಮ್ಮೆ ನೋಡಿ, ಸಣ್ಣಗೆ ನಕ್ಕಳು. ಆ ನಗೆ ಹಾಗೆಯೇ ಪತ್ರದ ಮೇಲೆ ಅಚ್ಚಾಯಿತು. ಮಧ್ಯಾಹ್ನ ಅವಳಿಗೆ ಸೀರೆ-ಕುಬಸ, ಅರಿಶಿನ-ಕುಂಕುಮ ಕೊಟ್ಟು ಬಸ್ಸು ಹತ್ತಿಸಿದೆವು. “ತವರಿನ ಬಾಗಿಲು ತೆರೆದಿದ್ರೆ ಸಾಕಣ್ಣ” ಎಂದಳು. ನನ್ನ ಪಾಲಿಗೆ ಬಂದ ಹಣದಿಂದ ನಾನು ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ ಕಟ್ಟಿಸಿದೆನು. ಈ ಸಾಲುಗಳನ್ನು ಬರೆಯುತ್ತಿರುವುದು ಆ ಮನೆಯಲ್ಲಿಯೇ. ಎರಡು ವರ್ಷದ ತರುವಾಯ ಅವಳ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿ, ಶುಲ್ಕಕ್ಕೆ ಹಣ ಹೊಂದದೆ, ಆ ಹುಡುಗಿ ಊರಿನ ಹತ್ತಿರದ ಕಾಲೇಜಿನಲ್ಲಿ ಬಿ.ಎ. ಸೇರಿದಳೆಂಬ ಸಂಗತಿ ನನ್ನ ಕಿವಿಗೆ ಬಿದ್ದಿತು. ಬಿದ್ದರೂ ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಅಂದಿನ ತಿಳಿವಳಿಕೆ ಅಷ್ಟೇ ಎಂದು ನಾನು ಹೇಳಲಾರೆ, ನನಗೆ ತಿಳಿದಿತ್ತು. ಕಟ್ಟಿಗೆ ಹಸಿಯಾಗಿರಲಿಲ್ಲ, ಹೊತ್ತಿಸಲು ನನಗೆ ಮನಸ್ಸಿರಲಿಲ್ಲ.

ಇದು ಮೂರನೆಯ ಜಾತಿ. ಇದನ್ನೂ ಬರಿಯ ದುಃಖವಾಗಿ ಅನುಭವಿಸಿ ಮುಗಿಸುವುದು ಸಾಧ್ಯವೆಂಬುದೇ ಇದರಲ್ಲಿರುವ ಮೋಸ. ರನ್ನನ ಗದಾಯುದ್ಧದ ದುರ್ಯೋಧನನನ್ನು ನೆನೆಯಿರಿ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ, ದ್ರೋಣನನ್ನು, ದುಶ್ಶಾಸನನನ್ನು, ಮಗ ಲಕ್ಷಣಕುಮಾರನನ್ನು, ಕರ್ಣನನ್ನು ಒಬ್ಬೊಬ್ಬರಾಗಿ ಕಂಡು ಅವನು ಪಡುವ ಶೋಕವು ಕಲ್ಲನ್ನೂ ಕರಗಿಸುವಂಥದು. ಕನ್ನಡ ಕಾವ್ಯದಲ್ಲಿ ಅದಕ್ಕೆ ಸಮಾನವಾದ ಶೋಕ ವಿರಳ. ಆದರೂ ತಂದೆತಾಯಿಗಳು ಸಂಧಿಯಾಗೆಂದು ಬೇಡಿಕೊಂಡಾಗ, ಭೀಷ್ಮನು ಶರಶಯ್ಯೆಯಿಂದ ಅದನ್ನೇ ನುಡಿದಾಗ, ಅವನು ಒಪ್ಪುವುದಿಲ್ಲ. ಅವನ ಕಣ್ಣೀರು ಸುರಿದದ್ದು ತಾನು ಕಳೆದುಕೊಂಡವರಿಗಾಗಿ. ತಾನು ಕಸಿದುಕೊಂಡುದಕ್ಕಾಗಿ ಒಂದು ಹನಿಯೂ ಉದುರಲಿಲ್ಲ. ಆ ಶೋಕದ ಘನತೆಗೆ ಮಣಿಯುತ್ತಲೇ ನಾವು ಒಂದನ್ನು ಗಮನಿಸಬೇಕು: ಎಷ್ಟು ಆಳವಾದ ದುಃಖವೂ ತಾನಾಗಿಯೇ ಪಶ್ಚಾತ್ತಾಪವಾಗುವುದಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಹೊರಳಾಡಿದವನು, ತಾನು ನೊಂದೆನಾದ್ದರಿಂದ ಋಣ ತೀರಿತೆಂದು ತಿಳಿದುಕೊಂಡರೆ, ಸಾಲಗಾರನು ಸಾಲವನ್ನು ನೆನೆದು ಅತ್ತದ್ದನ್ನೇ ಸಾಲದ ಕಂತೆಂದು ಬರೆದುಕೊಂಡಂತೆ.

ಇನ್ನೊಂದು ನಿದರ್ಶನ ನಮ್ಮ ನೆಲಕ್ಕೆ ಹತ್ತಿರವಾದುದು. ದಾವಣಗೆರೆಯು ಯಾವ ಜಿಲ್ಲೆಯ ಭಾಗವಾಗಿತ್ತೋ ಆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಉಪಾಸಕನಾದ ಮೇಲೆಯೂ ಒಂದು ವರ್ಷಕಾಲ ತಾನು ಸಾಕಷ್ಟು ಶ್ರಮಿಸಲಿಲ್ಲವೆಂದು ಚಕ್ರವರ್ತಿಯೊಬ್ಬನು ಬಂಡೆಯ ಮೇಲೆ ಒಪ್ಪಿಕೊಂಡಿರುವುದು ಅದರಲ್ಲಿ ಕಾಣುತ್ತದೆ. ಕಳಿಂಗದ ಯುದ್ಧದಲ್ಲಿ ಒಂದು ಲಕ್ಷ ಜನರು ಹತರಾದರು, ಒಂದೂವರೆ ಲಕ್ಷ ಜನರು ಸೆರೆಯಾಗಿ ಸಾಗಿಸಲ್ಪಟ್ಟರು ಎಂದು ಅವನು ಪರಿತಪಿಸುವುದು ಹದಿಮೂರನೆಯ ಬಂಡೆಶಾಸನದಲ್ಲಿ. ಆದರೆ ಕಳಿಂಗದೊಳಗಿನ ಧೌಲಿ ಮತ್ತು ಜೌಗಡಗಳಲ್ಲಿ ಆ ಹದಿಮೂರನೆಯ ಶಾಸನವಿಲ್ಲ. ಅದರ ಸ್ಥಳದಲ್ಲಿ ಬೇರೆ ಎರಡು ಶಾಸನಗಳಿವೆ. ಸಮಸ್ತ ಮನುಷ್ಯರೂ ತನ್ನ ಮಕ್ಕಳೆಂದೂ, ಯಾರನ್ನೂ ನಿಷ್ಕಾರಣವಾಗಿ ಬಂಧಿಸಬಾರದು, ಹಿಂಸಿಸಬಾರದೆಂದೂ ಅಧಿಕಾರಿಗಳಿಗೆ ಅವು ಆಜ್ಞಾಪಿಸುತ್ತವೆ. ಪರಿತಾಪದ ಮಾತನ್ನು ಅನ್ಯಾಯಕ್ಕೆ ಗುರಿಯಾದವರ ಕಣ್ಣಿಗೇ ಬೀಳದಂತೆ ಮಾಡಿದ್ದು ರಾಜನೀತಿಯ ಎಚ್ಚರಿಕೆಯೆಂದು ಹೇಳುವವರಿದ್ದಾರೆ; ಆ ಶಂಕೆಯನ್ನು ನಾನು ತಳ್ಳಿಹಾಕಲಾರೆ. ಆದರೂ ಅದರಲ್ಲಿ ಕಲಿಯತಕ್ಕದ್ದೊಂದಿದೆ. ಮನೆಮಕ್ಕಳನ್ನು ಕಳೆದುಕೊಂಡ ಕಳಿಂಗದ ತಾಯಿಗೆ, ಅರಸನ ಎದೆ ಎಷ್ಟು ಬೆಂದಿತೆಂಬ ವರ್ಣನೆಯಿಂದ ಆಗಬೇಕಾದುದೇನಿತ್ತು? ಉಳಿದ ಮಗನನ್ನು ಅಧಿಕಾರಿಯು ಸೆರೆಗೆ ಎಳೆಯದಿದ್ದರೆ ಅದು ಅವಳಿಗೆ ಮುಟ್ಟುವ ಪಶ್ಚಾತ್ತಾಪ.

ಈ ಋಣಕ್ಕೆ ಒಂದು ಗಡುವೂ ಇದೆ. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಬಾಲ್ಯದ ಎರಡು ತಪ್ಪುಗಳನ್ನು ಹೇಳಿಕೊಂಡಿದ್ದಾರೆ. ಹದಿನೈದರ ವಯಸ್ಸಿನಲ್ಲಿ ಅಣ್ಣನ ತೋಳುಬಂದಿಯಿಂದ ಬಂಗಾರದ ತುಣುಕನ್ನು ಕದ್ದದ್ದು ಒಂದು; ತಂದೆಯ ಕೊನೆಯ ಗಳಿಗೆಯಲ್ಲಿ ಅವರ ಮಗ್ಗುಲನ್ನು ಬಿಟ್ಟು ಹೋದದ್ದು ಇನ್ನೊಂದು. ಮೊದಲನೆಯದನ್ನು ಕಾಗದದಲ್ಲಿ ಬರೆದು, ರೋಗಶಯ್ಯೆಯಲ್ಲಿದ್ದ ತಂದೆಯ ಕೈಗೆ ಕೊಟ್ಟರು. ತಂದೆ ಓದಿ, ಕಣ್ಣೀರು ಸುರಿಸಿ, ಕಾಗದವನ್ನು ಹರಿದುಹಾಕಿದರು. ಆ ಕಣ್ಣೀರು ಮಗನನ್ನು ತೊಳೆಯಿತು. ಎರಡನೆಯದನ್ನು ಯಾರ ಕೈಗೆ ಕೊಡುವುದು? 1885ರಲ್ಲಿ ಆ ತಂದೆ ತೀರಿಕೊಂಡಿದ್ದರು. ಆ ಕಳಂಕವನ್ನು ತಾವು ಎಂದೂ ಅಳಿಸಲಾರದೆ ಹೋದೆವೆಂಬ ಭಾವವು ಎಷ್ಟೋ ವರ್ಷಗಳ ತರುವಾಯ ಬರೆದ ಪುಟಗಳಲ್ಲಿಯೂ ಉಳಿದಿದೆ. ತಪ್ಪಿನ ಗಾತ್ರವನ್ನು ಅಳೆದು ನೋಡಿದರೆ ಕಳ್ಳತನವೇ ದೊಡ್ಡದೆನ್ನಬಹುದು; ಉಳಿದುಕೊಂಡದ್ದು ಮಾತ್ರ, ಕೇಳಿಸಿಕೊಳ್ಳುವವರು ಇಲ್ಲದೆ ಹೋದ ತಪ್ಪು. ಉದ್ಯಾನದ ಬೆಂಚಿನ ಮೇಲೆ ಅವ್ವನನ್ನು ನೆನೆಯುವ ಆ ಹಿರಿಯರ ಮುಂದೆ ನಾನು ಯಾವ ಪರಿಹಾರವನ್ನೂ ಇಡಲಾರೆ. ತಾಯಿಗೆ ಸಲ್ಲದೆ ಉಳಿದುದನ್ನು ಅವರು ಇನ್ನೊಬ್ಬ ವೃದ್ಧೆಗೆ ಸಲ್ಲಿಸಬಹುದು, ಅಷ್ಟೇ. ಆದರೆ ಯಾರ ಸಾಲಿಗರು ಇನ್ನೂ ಬದುಕಿದ್ದಾರೆಯೋ ಅವರು ಬೆಂಚಿನ ಮೇಲೆ ನಿಟ್ಟುಸಿರು ಬಿಡುತ್ತ ಕೂರತಕ್ಕದ್ದಲ್ಲ.

ಎರಡು ಸಿದ್ಧಾಂತಗಳು ನಮ್ಮನ್ನು ಹಾಗೆಯೇ ಕೂರಿಸಲು ನೋಡುತ್ತವೆ. ಎಲ್ಲವೂ ಹಣೆಬರಹವೆಂಬುದು ಹಳೆಯದು. ನನಗೆ ಯಾವುದರ ಬಗೆಗೂ ವಿಷಾದವಿಲ್ಲವೆಂದು ಎದೆಯುಬ್ಬಿಸಿ ಹೇಳುವುದು ಹೊಸದು. ಬರಗಾಲವನ್ನೂ ಮರಣವನ್ನೂ ಸಹಿಸಲು ಹಣೆಬರಹದ ಮಾತು ನಮ್ಮ ಹಿರಿಯರಿಗೆ ಬಲವನ್ನು ಕೊಟ್ಟಿತೆಂಬುದನ್ನು ನಾನು ಗೌರವದಿಂದ ಒಪ್ಪುತ್ತೇನೆ; ತನ್ನ ಹಣೆಯ ಬರಹವೆಂದು ತಾನು ಹೇಳಿಕೊಂಡಾಗ ಅದು ಧೈರ್ಯ, ತಂಗಿಯ ಹಣೆಯಲ್ಲಿ ಅಷ್ಟೇ ಬರೆದಿತ್ತೆಂದು ಅಣ್ಣನು ಹೇಳಿದಾಗ ಅದು ಕಳ್ಳತನದ ಮೇಲೆ ಹೊದಿಸಿದ ಮಡಿಬಟ್ಟೆ. ವಿಷಾದವಿಲ್ಲವೆಂಬ ಹೊಸ ಮಾತಿಗೂ ಅದರದೇ ಆದ ಸತ್ಯವಿದೆ, ಹಳಹಳಿಯಲ್ಲಿ ಕೊಳೆಯುವ ಬದುಕಿಗೆ ಅದು ಔಷಧ. ಆದರೆ ನೋವಿಲ್ಲದ ಕೈ ಬೆಂಕಿಯಲ್ಲಿ ಬೇಯುತ್ತಿದ್ದರೂ ಅರಿಯದಂತೆ, ಯಾವ ವಿಷಾದವೂ ಇಲ್ಲದ ಮನಸ್ಸು ತಾನು ಯಾರನ್ನು ತುಳಿಯುತ್ತಿದ್ದೇನೆಂಬುದನ್ನು ಅರಿಯದು.

ಕಳೆದ ವರ್ಷ ದೀಪಾವಳಿಯ ಮುಂಚೆ, ಅಲಮಾರಿನಲ್ಲಿ ಬೇರೆ ಏನನ್ನೋ ಹುಡುಕುವಾಗ ಆ ಬಿಡುಗಡೆ ಪತ್ರ ಕೈಗೆ ಬಂದಿತು. ಹದಿನಾರು ವರ್ಷಗಳಿಂದ ತಂಗಿ ಆ ಕಾಗದದ ಮೂಲೆಯಲ್ಲಿ ನಗುತ್ತಲೇ ಇದ್ದಳು. ಮರುದಿನ ಬಸ್ಸು ಹತ್ತಿ ಅವಳ ಊರಿಗೆ ಹೋದೆನು. ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದ ಮಾತುಗಳೆಲ್ಲ ಅವಳು ನೀರಿನ ತಂಬಿಗೆ ತಂದಿಟ್ಟಾಗಲೇ ಚದುರಿಹೋದವು. ಪತ್ರವನ್ನು ಅವಳ ಮುಂದಿಟ್ಟು, “ಇದು ತಪ್ಪಾಯ್ತು” ಎಂದಷ್ಟೇ ಅಂದೆನು. ಅವಳು ಬಹಳ ಹೊತ್ತು ಫೋಟೋವನ್ನು ನೋಡುತ್ತ ಕುಳಿತಳು. “ನಾನು ಆವತ್ತೇ ಮರ್ತೆ ಅಂದ್ರೆ ಸುಳ್ಳಾಗುತ್ತೆ ಅಣ್ಣ” ಎಂದಳು. ಅದಕ್ಕಿಂತ ಹೆಚ್ಚೇನನ್ನೂ ಅವಳು ಹೇಳಲಿಲ್ಲ. ಅಷ್ಟನ್ನು ಕೇಳಲು ನಾನು ಹದಿನಾರು ವರ್ಷ ಅಂಜಿದ್ದೆ. ನನ್ನ ಹೆಸರಿನಲ್ಲಿದ್ದ ಒಂದು ನಿವೇಶನವನ್ನು ಅವಳಿಗೆ ಮಾಡಿಕೊಟ್ಟೆನು. ಕಾಗದದ ತಲೆಬರಹ ದಾನಪತ್ರವೆಂದಿತ್ತು; ಕಾನೂನಿನಲ್ಲಿ ಅದಕ್ಕಿರುವ ಹೆಸರು ಅದೇ, ಆದರೆ ಕೊಡಬೇಕಾದುದನ್ನು ಕೊಡುವುದು ದಾನವಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಈ ಸಲವೂ ಅವಳನ್ನು ಕೂರಿಸಿ ಭಾವಚಿತ್ರ ತೆಗೆದರು. ಅವಳು ಸೆರಗನ್ನು ಮುಟ್ಟಲಿಲ್ಲ, ನಗಲೂ ಇಲ್ಲ. ನೆಟ್ಟಗೆ ಕುಳಿತು ಕ್ಯಾಮರಾವನ್ನೇ ನೋಡಿದಳು. ಅವಳ ಮಗಳು ಓದಲಾಗದೆ ಹೋದ ನಾಲ್ಕು ವರ್ಷಗಳನ್ನು ಯಾವ ಪತ್ರವೂ ಹಿಂದಿರುಗಿಸಿಕೊಡಲಾರದು. ಹದಿನಾರು ವರ್ಷ ಮೊದಲೇ ಹೋಗಿದ್ದರೆ ಎಂಬ ವಿಷಾದವು ನನ್ನೊಡನೆ ಉಳಿಯುತ್ತದೆ, ಉಳಿಯಲಿ. ಮುಂದಿನ ಸಲ ಮುಖ ತಿರುಗಿಸಲು ಮನಸ್ಸಾದಾಗ ಅದು ನನ್ನನ್ನು ತಡೆದೀತು.

ಅಡುಗೆ ಮುಗಿದು ಒಲೆ ಉರಿಯತೊಡಗಿದಾಗ ನಮ್ಮ ಅಜ್ಜಿ ಅದರ ಮೇಲೆ ನೀರು ಸುರಿದದ್ದನ್ನು ನಾನು ಕಾಣೆ. ಉರಿಯುವ ಕೊಳ್ಳಿಯನ್ನು ಹಿಂದಕ್ಕೆಳೆದು, ಕೆಂಡವನ್ನು ಒಟ್ಟುಮಾಡಿ, ಹಾಲಿನ ಗಡಿಗೆಯನ್ನು ಅದರ ಮೇಲಿಡುತ್ತಿದ್ದಳು. ನಾಳೆಯ ಹಸಿಕಟ್ಟಿಗೆಯನ್ನು ಒಲೆಯ ಬದಿಗೆ ಆನಿಸಿ ಒಣಗಲು ಬಿಡುತ್ತಿದ್ದಳು. ಸಂಜೆಯ ಹೊತ್ತಿಗೆ ಹಾಲಿನ ಮೇಲೆ ದಪ್ಪನೆಯ ಹೊಂಬಣ್ಣದ ಕೆನೆ ಕಟ್ಟಿರುತ್ತಿತ್ತು. ನಮ್ಮ ಮನೆಯ ಬೆಣ್ಣೆ ಬರುತ್ತಿದ್ದುದು ಆ ಕೆನೆಯಿಂದ. ಅಟ್ಟ ಮೇಲೆ ಒಲೆ ಉರಿಯಿತೆಂದು ಅವಳು ಎಷ್ಟೋ ಸಲ ಹೇಳಿದ್ದುಂಟು. ಹೇಳುತ್ತಲೇ ಅವಳ ಕೈ ಹಾಲಿನ ಗಡಿಗೆಯನ್ನು ಹುಡುಕುತ್ತಿತ್ತು.